ಕಿರುಗಾತ್ರದ ನಿಶ್ಶಬ್ದ ಡೆಸ್ಕ್‌ಟಾಪ್ ಕಂಪ್ಯೂಟರ್

ಕಿರುಗಾತ್ರದ ಡೆಸ್ಕ್‌ಟಾಪ್ ಎಂಬುದು ಮೇಜಿನ ಮೇಲಿಟ್ಟು ಬಳಸುವ ಕಂಪ್ಯೂಟರುಗಳಲ್ಲಿ ಒಂದು ವರ್ಗ. ಮದರ್‌ಬೋರ್ಡ್, ಪ್ರೊಸೆಸರ್, ಸ್ಮರಣೆ, ಸಂಗ್ರಹ ಸಾಧನ ಮತ್ತು ವಿದ್ಯುತ್ ಘಟಕಗಳನ್ನು ಒಳಗೊಂಡ, ಅಂಗಡಿ ಕಚೇರಿಗಳ ಮಾತಿನಲ್ಲಿ ‘ಸಿಪಿಯು’ ಎಂದೇ ಕರೆಯಲಾಗುವ ಪೆಟ್ಟಿಗೆ ಈ ವರ್ಗದಲ್ಲಿ ಸಾಮಾನ್ಯ ಟವರ್ ಕ್ಯಾಬಿನೆಟ್ಟಿಗಿಂತ ಬಹಳ ಚಿಕ್ಕದಾಗಿರುತ್ತದೆ. ಪೆಟ್ಟಿಗೆ ಕುಗ್ಗಿದಂತೆ ಒಳಗಿನ ಗಾಳಿ ಕಡಿಮೆಯಾಗುತ್ತದೆ, ಗಾಳಿ ಕಡಿಮೆಯಾದಂತೆ ಶಾಖ ಹೊರಹೋಗುವುದು ಕಷ್ಟವಾಗುತ್ತದೆ, ಶಾಖವನ್ನು ಹೊರದೂಡಲು ಫ್ಯಾನು ವೇಗವಾಗಿ ತಿರುಗಿದಾಗ ಸದ್ದು ಹೆಚ್ಚುತ್ತದೆ. ಆದ್ದರಿಂದ ಗಾತ್ರ, ಶಾಖ ಮತ್ತು ಸದ್ದು ಎಂಬ ಮೂರನ್ನೂ ಒಟ್ಟಿಗೆ ಹತೋಟಿಯಲ್ಲಿಡುವುದೇ ಇಂಥ ಯಂತ್ರವನ್ನು ಕಟ್ಟುವ ವಿದ್ಯೆಯ ತಿರುಳು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಂಥ ಒಣ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲು, ಕೆಂಪುಮಣ್ಣಿನ ಧೂಳು ಮತ್ತು ಏರಿಳಿಯುವ ವೋಲ್ಟೇಜು ಈ ಲೆಕ್ಕಾಚಾರಕ್ಕೆ ಸೇರಿಕೊಳ್ಳುವುದರಿಂದ ತಂಪು ದೇಶಗಳಲ್ಲಿ ರೂಢಿಯಾದ ಸೂತ್ರಗಳು ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ಗಾತ್ರದ ಮಾನಕಗಳು

ಪೆಟ್ಟಿಗೆಯ ಗಾತ್ರವನ್ನು ಲೀಟರುಗಳಲ್ಲಿ ಹೇಳುವುದು ವಾಡಿಕೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. 45 ಸೆಂ.ಮೀ. ಎತ್ತರ, 45 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಸಾಮಾನ್ಯ ಟವರ್ ಸುಮಾರು 40 ಲೀಟರಿನದು. ಇಪ್ಪತ್ತು ಲೀಟರಿಗಿಂತ ಚಿಕ್ಕದಾದ ಪೆಟ್ಟಿಗೆಗಳನ್ನು ಕಿರುಗಾತ್ರದವೆಂದು ಹವ್ಯಾಸಿಗಳು ಎಣಿಸುತ್ತಾರೆ, ಕಾರ್ಖಾನೆಯಿಂದ ಸಿದ್ಧವಾಗಿ ಬರುವ ಅತಿ ಚಿಕ್ಕ ಯಂತ್ರಗಳು ಒಂದು ಲೀಟರಿನ ಆಸುಪಾಸಿನಲ್ಲಿರುತ್ತವೆ.

ಪೆಟ್ಟಿಗೆಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಮದರ್‌ಬೋರ್ಡ್. ಇಂಟೆಲ್ ಕಂಪನಿ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನಕದ ಪೂರ್ಣ ಬೋರ್ಡು 305×244 ಮಿ.ಮೀ. ಅಳತೆಯದು; 1997ರಲ್ಲಿ ಬಂದ ಮೈಕ್ರೊ ಎಟಿಎಕ್ಸ್ ಅದನ್ನು 244 ಮಿ.ಮೀ. ಚೌಕಕ್ಕೆ ಇಳಿಸಿತು. ತೈವಾನಿನ ವಿಯಾ ಕಂಪನಿ 2001ರಲ್ಲಿ ಮುಂದಿಟ್ಟ ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕದ್ದಾಗಿದ್ದು, ಕಡಿಮೆ ವಿದ್ಯುತ್ ಬಳಸುವ ಪ್ರೊಸೆಸರುಗಳೊಂದಿಗೆ ಮಾರಾಟವಾದ ಅದರ ಮೊದಲ ಬೋರ್ಡುಗಳಲ್ಲಿ ಕೆಲವಕ್ಕೆ ಫ್ಯಾನೇ ಇರಲಿಲ್ಲ. ಅದೇ ವರ್ಷ ತೈವಾನಿನದೇ ಆದ ಶಟಲ್ ಕಂಪನಿ ಘನಾಕಾರದ ಪುಟ್ಟ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿತು. ಆ್ಯಪಲ್ ಕಂಪನಿಯ ಮ್ಯಾಕ್ ಮಿನಿ 2005ರ ಜನವರಿಯಲ್ಲಿ ಬಂದಾಗ ಒಂದೂವರೆ ಲೀಟರಿಗೂ ಕಡಿಮೆ ಗಾತ್ರದ ಯಂತ್ರ ಮನೆಬಳಕೆಗೆ ಸಾಕೆಂಬುದು ಸಾಮಾನ್ಯ ಗ್ರಾಹಕರಿಗೂ ಮನವರಿಕೆಯಾಯಿತು. ಮುಂದೆ ಕೇವಲ ನಾಲ್ಕಂಗುಲ ಚೌಕದ ಬೋರ್ಡಿನ ಸುತ್ತ ಇಂಟೆಲ್ ರೂಪಿಸಿದ ‘ನಕ್’ ಸರಣಿಯೂ, ಬ್ರಿಟನ್ನಿನಲ್ಲಿ ಕಲಿಕೆಯ ಉದ್ದೇಶದಿಂದ ಹುಟ್ಟಿ 2012ರ ಫೆಬ್ರುವರಿಯಲ್ಲಿ ಮಾರಾಟಕ್ಕೆ ಬಂದ 85×56 ಮಿ.ಮೀ. ಅಳತೆಯ ರಾಸ್ಪ್‌ಬೆರಿ ಪೈ ಬೋರ್ಡೂ ಈ ಬೆಳವಣಿಗೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದವು. ನಕ್ ಸರಣಿಯ ಹೊಣೆ 2023ರಲ್ಲಿ ಆಸುಸ್ ಕಂಪನಿಗೆ ಹೋಯಿತು.

ಕರ್ನಾಟಕದಲ್ಲಿ ನಡೆದ ಪ್ರಯತ್ನಗಳು

ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ಹಳ್ಳಿಗಳಿಗೆ ಹೊಂದುವ ಚಿಕ್ಕ ಕಂಪ್ಯೂಟರನ್ನು ರೂಪಿಸುವ ವಿಚಾರ ಬೆಂಗಳೂರಿನಲ್ಲಿ 1998ರಷ್ಟು ಹಿಂದೆಯೇ ಮೊಳೆತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಕೂಡಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿ, ಲಿನಕ್ಸ್ ಮೇಲೆ ನಡೆಯುವ, ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ ಕೈಯಳತೆಯ ಸಿಂಪ್ಯೂಟರಿನ ಮಾದರಿಯನ್ನು 2001ರಲ್ಲಿ ಪ್ರದರ್ಶಿಸಿದರು. ಪಿಕೊಪೆಟಾ ಸಂಸ್ಥೆ ವಿನ್ಯಾಸಗೊಳಿಸಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಭೂದಾಖಲೆಗಳ ಕೆಲಸದಲ್ಲಿ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಪ್ರಾಯೋಗಿಕವಾಗಿ ಬಳಸಿದ್ದುಂಟು.

ಡೆಸ್ಕ್‌ಟಾಪಿಗೆ ಹೆಚ್ಚು ಹತ್ತಿರವಾದ ಪ್ರಯತ್ನ ಅಮಿಡಾ ಬಂದ ಮರುವರ್ಷದ್ದು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ನೆರವಿನೊಂದಿಗೆ ಎನ್‌ಕೋರ್ ಸಂಸ್ಥೆ 2005ರಲ್ಲಿ ಮೊಬಿಲಿಸ್ ಎಂಬ ಒಯ್ಯಬಲ್ಲ ಯಂತ್ರವನ್ನೂ ಸಾಫ್‌ಕಾಂಪ್ ಎಂಬ ಮೇಜಿನ ಮೇಲಿಡುವ ಚಿಕ್ಕ ಕಂಪ್ಯೂಟರನ್ನೂ ಪರಿಚಯಿಸಿತು. ಇವು ವ್ಯಾಪಕವಾಗಿ ಮಾರಾಟವಾಗಲಿಲ್ಲ. ಆದರೂ ಶಕ್ತಿಶಾಲಿ ಪ್ರೊಸೆಸರಿಗೆ ದೊಡ್ಡ ಫ್ಯಾನು ಹುಡುಕುವುದಕ್ಕಿಂತ ಮೊದಲೇ ಕಡಿಮೆ ಬಿಸಿಯಾಗುವ ಪ್ರೊಸೆಸರನ್ನು ಆರಿಸಿಕೊಳ್ಳುವ ಇವುಗಳ ವಿನ್ಯಾಸದ ತತ್ವವೇ ಇಂದಿನ ನಿಶ್ಶಬ್ದ ಯಂತ್ರಗಳ ತತ್ವವೂ ಆಗಿದೆ.

ಶಾಖದ ಲೆಕ್ಕ

ಪ್ರೊಸೆಸರು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬೀಳುತ್ತದೆ. ತಯಾರಕರು ಪ್ರತಿ ಪ್ರೊಸೆಸರಿಗೂ ಶಾಖದ ಒಂದು ನಿಗದಿತ ಮಟ್ಟವನ್ನು ವ್ಯಾಟುಗಳಲ್ಲಿ ಸೂಚಿಸುತ್ತಾರೆ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಇದು 65 ವ್ಯಾಟ್, ಇಂಟೆಲ್ಲಿನ ‘ಟಿ’ ಅಕ್ಷರ ಹೊತ್ತ ಮಾದರಿಗಳಲ್ಲಿ 35 ವ್ಯಾಟ್, 2023ರಲ್ಲಿ ಬಂದ ಎನ್100 ಪ್ರೊಸೆಸರಿನಲ್ಲಿ 6 ವ್ಯಾಟ್. ಇದು ದೀರ್ಘಕಾಲದ ಸರಾಸರಿಗೆ ಸಂಬಂಧಿಸಿದ ಸಂಖ್ಯೆಯಾದ್ದರಿಂದ, ಅಲ್ಪಾವಧಿಗೆ ವೇಗ ಹೆಚ್ಚಿಸಿಕೊಳ್ಳುವಾಗ ಪ್ರೊಸೆಸರು ಇದರ ಎರಡು ಪಟ್ಟಿಗಿಂತಲೂ ಹೆಚ್ಚು ವಿದ್ಯುತ್ ಎಳೆಯಬಲ್ಲದು.

ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಲೋಹದ ರಚನೆಯಾದ ಹೀಟ್‌ಸಿಂಕಿನ ಸಾಮರ್ಥ್ಯವನ್ನು, ಒಂದು ವ್ಯಾಟಿಗೆ ಉಷ್ಣತೆ ಎಷ್ಟು ಡಿಗ್ರಿ ಏರುತ್ತದೆ ಎಂಬ ಉಷ್ಣರೋಧದ ಅಳತೆಯಿಂದ ತಿಳಿಯಲಾಗುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸುವ ತಗ್ಗು ಕೂಲರಿನ ಉಷ್ಣರೋಧ ಪ್ರತಿ ವ್ಯಾಟಿಗೆ 0.6 ಡಿಗ್ರಿ ಎಂದಿಟ್ಟುಕೊಂಡರೆ, 65 ವ್ಯಾಟಿಗೆ ಉಷ್ಣತೆ 39 ಡಿಗ್ರಿ ಏರುತ್ತದೆ. ಕೋಣೆಯ ಉಷ್ಣತೆ 22 ಡಿಗ್ರಿಯಿರುವ ಊರಿನಲ್ಲಿ, ಪೆಟ್ಟಿಗೆಯೊಳಗಿನ ಗಾಳಿ ಅದಕ್ಕಿಂತ 8 ಡಿಗ್ರಿ ಬಿಸಿಯಾಗಿದ್ದರೂ, ಪ್ರೊಸೆಸರು 69 ಡಿಗ್ರಿಯಲ್ಲಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಶಿರಾ ಅಥವಾ ಪಾವಗಡದ ಕೋಣೆಯೊಂದು 38 ಡಿಗ್ರಿಗೆ ತಲುಪಿದಾಗ ಅದೇ ಯಂತ್ರ 85 ಡಿಗ್ರಿಗೆ ಏರುತ್ತದೆ. ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಪ್ರೊಸೆಸರು ಸಾಮಾನ್ಯವಾಗಿ 95ರಿಂದ 100 ಡಿಗ್ರಿಯ ನಡುವೆ ತನ್ನನ್ನು ತಾನೇ ರಕ್ಷಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಧೂಳು ಕೂತು ಹೀಟ್‌ಸಿಂಕಿನ ಸಾಮರ್ಥ್ಯ ಕುಂದಿದರೆ ಆ ಮಿತಿ ದೂರವಿರುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ 35 ವ್ಯಾಟಿನ ಪ್ರೊಸೆಸರಿದ್ದರೆ ಏರಿಕೆ 21 ಡಿಗ್ರಿಗೆ ನಿಂತು, ಬೇಸಿಗೆಯಲ್ಲೂ ಉಷ್ಣತೆ 65 ಡಿಗ್ರಿಯ ಸುತ್ತಮುತ್ತ ಉಳಿಯುತ್ತದೆ. ಕೂಲರನ್ನು ಬದಲಿಸಿ ಗಳಿಸುವುದಕ್ಕಿಂತ ಹೆಚ್ಚಿನ ಅನುಕೂಲ ಪ್ರೊಸೆಸರಿನ ಆಯ್ಕೆಯಿಂದ, ಅಥವಾ ಬಯೋಸ್ ಎಂಬ ಮೂಲ ತಂತ್ರಾಂಶದಲ್ಲಿ ವ್ಯಾಟಿನ ಮಿತಿಯನ್ನು ಇಳಿಸುವುದರಿಂದ ದೊರೆಯುತ್ತದೆ ಎಂಬುದು ಈ ಲೆಕ್ಕದ ಫಲ.

ಸದ್ದಿನ ಮೂಲಗಳು

ಕಂಪ್ಯೂಟರಿನ ಸದ್ದಿಗೆ ಫ್ಯಾನು, ತಿರುಗುವ ಹಾರ್ಡ್ ಡಿಸ್ಕು ಮತ್ತು ವಿದ್ಯುತ್ ಘಟಕದ ಸುರುಳಿಗಳ ಕೀರಲು ದನಿ ಕಾರಣ. ಹಾರ್ಡ್ ಡಿಸ್ಕಿನ ಬದಲು ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬಳಸಿದರೆ ಎರಡನೆಯ ಮೂಲ ಪೂರ್ತಿ ಇಲ್ಲವಾಗುತ್ತದೆ, 22×80 ಮಿ.ಮೀ. ಅಳತೆಯ ಎಂ.2 ಮಾದರಿಯ ಎಸ್‌ಎಸ್‌ಡಿ ನೇರವಾಗಿ ಮದರ್‌ಬೋರ್ಡಿಗೆ ಕೂರುವುದರಿಂದ ಜಾಗವೂ ತಂತಿಗಳೂ ಉಳಿಯುತ್ತವೆ.

ಫ್ಯಾನಿನ ವಿಷಯದಲ್ಲಿ ಭೌತನಿಯಮಗಳು ಬಳಕೆದಾರನಿಗೆ ಅನುಕೂಲವಾಗಿಯೇ ಇವೆ. ಫ್ಯಾನು ಸಾಗಿಸುವ ಗಾಳಿ ಅದರ ವೇಗಕ್ಕೆ ನೇರ ಅನುಪಾತದಲ್ಲಿದ್ದರೆ, ಸದ್ದಿನ ಶಕ್ತಿ ವೇಗದ ಸುಮಾರು ಐದನೆಯ ಘಾತದಂತೆ ಬದಲಾಗುತ್ತದೆ. ನಿಮಿಷಕ್ಕೆ 1,600 ಸುತ್ತು ತಿರುಗುವ ಫ್ಯಾನನ್ನು 800 ಸುತ್ತಿಗೆ ಇಳಿಸಿದರೆ ಗಾಳಿ ಅರ್ಧವಾದರೂ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಒಂದೇ ಬಗೆಯ ಎರಡು ಫ್ಯಾನುಗಳನ್ನು ಒಟ್ಟಿಗೆ ನಡೆಸಿದರೆ ಸದ್ದು 3 ಡೆಸಿಬೆಲ್ ಮಾತ್ರ ಏರುವುದರಿಂದ, ವೇಗವಾಗಿ ತಿರುಗುವ ಒಂದಕ್ಕಿಂತ ನಿಧಾನವಾಗಿ ತಿರುಗುವ ಎರಡು ಫ್ಯಾನುಗಳು ಮೇಲು. ಅಗಲವಾದ ಫ್ಯಾನು ಕಡಿಮೆ ವೇಗದಲ್ಲಿಯೇ ಬೇಕಾದಷ್ಟು ಗಾಳಿ ಕೊಡುತ್ತದೆ, 40 ಮಿ.ಮೀ. ಫ್ಯಾನು ಅಷ್ಟೇ ಗಾಳಿಗಾಗಿ ಹಲವು ಪಟ್ಟು ವೇಗದಲ್ಲಿ ತಿರುಗಬೇಕಾಗಿ, ಕಿವಿಗೆ ಹಿತವಲ್ಲದ ಎತ್ತರದ ದನಿ ಹೊರಡಿಸುತ್ತದೆ. ಪೆಟ್ಟಿಗೆಯನ್ನು ವಿಪರೀತ ಕುಗ್ಗಿಸಿದಾಗ ಯಂತ್ರ ಗದ್ದಲದ್ದಾಗುವುದು ಈ ಕಾರಣದಿಂದ.

ಸದ್ದು ಕಡಿಮೆಯಿರಬೇಕಾದ ಅಗತ್ಯ ಕೆಲಸವನ್ನೂ ಕಾಲವನ್ನೂ ಅವಲಂಬಿಸಿದೆ. ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನು ತಿರುಗುತ್ತಿರುವ ಕೋಣೆಯಲ್ಲಿ ಕಂಪ್ಯೂಟರಿನ ಸದ್ದು ಅದರೊಳಗೆ ಮುಳುಗಿಹೋಗುತ್ತದೆ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನಲ್ಲಿ ಚಳಿಗಾಲದ ರಾತ್ರಿ, ಸುತ್ತ ವಾಹನಗಳ ಸದ್ದಿಲ್ಲದಿರುವಾಗ, ನಗರದಲ್ಲಿ ಗಮನಕ್ಕೇ ಬಾರದ ಫ್ಯಾನು ಸ್ಪಷ್ಟವಾಗಿ ಕೇಳಿಸುತ್ತದೆ. ಸಮುದಾಯ ಬಾನುಲಿ ಕೇಂದ್ರಗಳಲ್ಲಿ ಮತ್ತು ಮನೆಯಲ್ಲೇ ಪಾಠ, ಹಾಡು, ಕೃಷಿ ಮಾಹಿತಿಗಳನ್ನು ಧ್ವನಿಮುದ್ರಿಸುವವರ ಕೋಣೆಗಳಲ್ಲಿ ಮೈಕಿನ ಪಕ್ಕದಲ್ಲೇ ಯಂತ್ರ ಇರುವುದರಿಂದ ನಿಶ್ಶಬ್ದತೆಗೆ ಹೆಚ್ಚಿನ ಬೆಲೆಯಿದೆ.

ವಿದ್ಯುತ್ ಪೂರೈಕೆ

ಗೋಡೆಯ ಪ್ಲಗ್ಗಿನ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಘಟಕವನ್ನು ಇಲ್ಲಿ ಎಸ್‌ಎಂಪಿಎಸ್ ಎಂದು ಕರೆಯುತ್ತಾರೆ. ಸಾಮಾನ್ಯ ಟವರಿನ ಎಟಿಎಕ್ಸ್ ಘಟಕದ ಬದಲು ಚಿಕ್ಕ ಪೆಟ್ಟಿಗೆಗಳಲ್ಲಿ 125×100×63.5 ಮಿ.ಮೀ. ಅಳತೆಯ ಎಸ್‌ಎಫ್‌ಎಕ್ಸ್ ಘಟಕವನ್ನೋ, ಲ್ಯಾಪ್‌ಟಾಪಿನದರಂತೆ ಹೊರಗೇ ಉಳಿಯುವ 12 ಅಥವಾ 19 ವೋಲ್ಟಿನ ಅಡಾಪ್ಟರನ್ನೋ ಬಳಸಲಾಗುತ್ತದೆ. ಅಡಾಪ್ಟರು ತನ್ನ ಶಾಖವನ್ನು ಪೆಟ್ಟಿಗೆಯ ಹೊರಗೇ ಬಿಡುತ್ತದೆ, ಅದಕ್ಕೆ ಫ್ಯಾನೂ ಇರುವುದಿಲ್ಲ. ಬಹುತೇಕ ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗಿನ ಯಾವ ವೋಲ್ಟೇಜಿನಲ್ಲೂ ನಡೆಯುವುದರಿಂದ, ಸಂಜೆ ಹೊತ್ತು ವೋಲ್ಟೇಜು ಇಳಿಯುವ ಊರುಗಳಲ್ಲಿ ಪ್ರತ್ಯೇಕ ಸ್ಟೆಬಿಲೈಸರಿನ ಅಗತ್ಯ ಬೀಳುವುದಿಲ್ಲ. ಆದರೆ ಹೋದ ಕರೆಂಟು ಮರಳಿ ಬರುವಾಗ ವೋಲ್ಟೇಜು ದಿಢೀರನೆ ಜಿಗಿಯುವುದುಂಟು. ಅದನ್ನು ತಡೆಯುವ ಸರ್ಜ್ ರಕ್ಷಕ ಬೇಕೇ ಬೇಕು.

ಕಡಿಮೆ ವ್ಯಾಟಿನ ಯಂತ್ರದ ನಿಜವಾದ ಲಾಭ ಕಾಣುವುದು ಕರೆಂಟು ಹೋದಾಗ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್‌ನಲ್ಲಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಿರುತ್ತದೆ. ಅದರ ಸಂಗ್ರಹ 84 ವ್ಯಾಟ್-ಗಂಟೆ. ಬೇಗ ಖಾಲಿ ಮಾಡಿದಷ್ಟೂ ಸೀಸ-ಆಮ್ಲ ಬ್ಯಾಟರಿಯಿಂದ ದಕ್ಕುವ ಪಾಲು ಕಡಿಮೆಯಾಗುವುದರಿಂದ, 150 ವ್ಯಾಟ್ ಎಳೆಯುವ ಹಳೆಯ ಟವರು ಮತ್ತು ಮಾನಿಟರು ಅದರಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಡೆಯುವುದು ಕಷ್ಟ. ಮಾನಿಟರೂ ಸೇರಿ 50 ವ್ಯಾಟಿನಲ್ಲಿ ಮುಗಿಸುವ ಕಿರುಯಂತ್ರ ಅದೇ ಬ್ಯಾಟರಿ ಹೊಸದಿರುವಾಗ ಅರ್ಧ ಗಂಟೆಯನ್ನು ಮೀರಿ ನಡೆಯುತ್ತದೆ. ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿಯಿದ್ದರೆ ಇಡೀ ದಿನದ ಕೆಲಸ ಸಾಗುತ್ತದೆ. 12 ವೋಲ್ಟಿನ ಸೌರ ಬ್ಯಾಟರಿಯಿಂದ ನೇರವಾಗಿ ಯಂತ್ರವನ್ನು ನಡೆಸುವುದೂ ಸಾಧ್ಯ. ಆದರೆ ಚಾರ್ಜಿನ ಸ್ಥಿತಿಗೆ ತಕ್ಕಂತೆ ಬ್ಯಾಟರಿಯ ವೋಲ್ಟೇಜು ಸುಮಾರು 11ರಿಂದ 14.5ರವರೆಗೆ ಬದಲಾಗುವುದರಿಂದ ನಡುವೆ ಅದನ್ನು ಸ್ಥಿರಗೊಳಿಸುವ ಪರಿವರ್ತಕ ಇರಲೇಬೇಕು. 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕು ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತಲ ಹಳ್ಳಿಗಳಲ್ಲಿ ಹಬ್ಬಿಕೊಂಡಿರುವುದಕ್ಕೆ ಕಾರಣವಾದ ಬಿಸಿಲೇ ಮನೆಯ ಮಾಡಿನ ಒಂದೆರಡು ಫಲಕಗಳಿಗೂ ದೊರೆಯುತ್ತದೆ.

ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಹಲವರ ಅನುಭವ. ವಿದ್ಯುತ್ ಗದ್ದಲವನ್ನು ಸೋಸಲು ಎಸ್‌ಎಂಪಿಎಸ್‌ನಲ್ಲಿರುವ ಕೆಪಾಸಿಟರುಗಳು, ನೆಲಕ್ಕೆ ದಾರಿಯಿಲ್ಲದಾಗ, ಪೆಟ್ಟಿಗೆಯನ್ನು ಪೂರೈಕೆಯ ಅರ್ಧದಷ್ಟು ವೋಲ್ಟೇಜಿಗೆ ಏರಿಸುವುದು ಇದಕ್ಕೆ ಕಾರಣ. ಹರಿಯುವ ವಿದ್ಯುತ್ತು ಅತ್ಯಲ್ಪವಾದರೂ ಯುಎಸ್‌ಬಿ ಮೂಲಕ ಜೋಡಿಸಿದ ಉಪಕರಣಗಳು ಇದರಿಂದ ಕೆಡಬಹುದು. ಮೂರು ಕಾಲಿನ ಪ್ಲಗ್ಗಿನ ಅರ್ತಿಂಗ್ ಕಾಲನ್ನು ಮುರಿದು ಬಳಸುವ ರೂಢಿಯನ್ನು ಬಿಟ್ಟು, ಅರ್ತಿಂಗ್ ಗುಂಡಿಯನ್ನು ದುರಸ್ತಿ ಮಾಡಿಸುವುದೇ ಪರಿಹಾರ.

ಧೂಳು ಮತ್ತು ಹುಳುಹುಪ್ಪಟೆ

ರಾಗಿಯ ಒಕ್ಕಣೆ, ಕಡಲೆಕಾಯಿ ಬಿಡಿಸುವ ಕಾಲ ಮತ್ತು ಬೇಸಿಗೆಯ ಸುಳಿಗಾಳಿಗಳಲ್ಲಿ ಈ ತಾಲ್ಲೂಕುಗಳ ಗಾಳಿ ಧೂಳಿನಿಂದ ತುಂಬಿರುತ್ತದೆ. ಚಿಕ್ಕ ಹೀಟ್‌ಸಿಂಕಿನ ರೆಕ್ಕೆಗಳು ಒತ್ತೊತ್ತಾಗಿರುವುದರಿಂದ ಅವು ಟವರ್ ಕೂಲರಿಗಿಂತ ಬೇಗ ಕಟ್ಟಿಕೊಳ್ಳುತ್ತವೆ. ಒಳಗೆ ಗಾಳಿ ಎಳೆಯುವ ಫ್ಯಾನುಗಳ ಬಲ ಹೊರಹಾಕುವ ಫ್ಯಾನುಗಳಿಗಿಂತ ಹೆಚ್ಚಿದ್ದರೆ ಪೆಟ್ಟಿಗೆಯೊಳಗೆ ತುಸು ಅಧಿಕ ಒತ್ತಡ ಉಂಟಾಗಿ, ಸಂದುಗಳಿಂದ ಧೂಳು ನುಗ್ಗುವುದು ತಪ್ಪುತ್ತದೆ. ಆಗ ಒಳಬರುವ ದಾರಿಗೆ ಮಾತ್ರ ತೆಗೆದು ತೊಳೆಯಬಹುದಾದ ಜಾಲರಿ ಹಾಕಿದರೆ ಸಾಕು. ಹಲ್ಲಿ, ಜಿರಲೆ, ಇರುವೆಗಳು ಬೆಚ್ಚಗಿನ ಜಾಗವನ್ನು ಅರಸಿ ಒಳಸೇರಿ ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗುವುದೂ ಉಂಟು. ಬಳಸದೆ ಬಿಟ್ಟ ತೂತುಗಳನ್ನು ಮುಚ್ಚುವುದಕ್ಕೆ ಇದು ಇನ್ನೊಂದು ಕಾರಣ. ಬ್ಲೋವರಿನಿಂದ ಧೂಳು ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಅದರ ಬೇರಿಂಗು ಸವೆಯುತ್ತದೆ. ಫ್ಯಾನೇ ಇಲ್ಲದೆ ಇಡೀ ಪೆಟ್ಟಿಗೆಯೇ ಹೀಟ್‌ಸಿಂಕಾಗಿ ಕೆಲಸ ಮಾಡುವ, ಎಲ್ಲ ಕಡೆ ಮುಚ್ಚಿದ ಯಂತ್ರಗಳು ಧೂಳಿನ ಮಟ್ಟಿಗೆ ಉತ್ತಮವಾದರೂ, ಬಿಸಿ ಕೋಣೆಯಲ್ಲಿ ಅವುಗಳಿಗೆ ಹತ್ತು ಹದಿನೈದು ವ್ಯಾಟಿನ ಪ್ರೊಸೆಸರುಗಳಷ್ಟೇ ಸುರಕ್ಷಿತ.

ಜೋಡಣೆಯ ಕ್ರಮ

ಬಿಡಿಭಾಗಗಳಿಂದ ಯಂತ್ರ ಕಟ್ಟುವುದನ್ನು ಅಸೆಂಬಲ್ ಮಾಡುವುದು ಎನ್ನುತ್ತಾರೆ. ಇದಕ್ಕೆ ಬೇಕಾದ ಭಾಗಗಳ ಹಳೆಯ ಮತ್ತು ದೊಡ್ಡ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ. ಖರೀದಿಗೆ ಮೊದಲು ಪೆಟ್ಟಿಗೆಯಲ್ಲಿ ಹಿಡಿಸುವ ಕೂಲರಿನ ಎತ್ತರ, ಎಸ್‌ಎಂಪಿಎಸ್‌ನ ಮಾದರಿ ಮತ್ತು ಮದರ್‌ಬೋರ್ಡಿನ ಅಳತೆಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಟವರಿನಲ್ಲಿ ಒಂದು ಸೆಂಟಿಮೀಟರಿನ ವ್ಯತ್ಯಾಸ ನಡೆದುಹೋಗುತ್ತದೆ, ಇಲ್ಲಿ ಮುಚ್ಚಳವೇ ಹಾಕಲಾಗುವುದಿಲ್ಲ.

ಚಿಕ್ಕ ಪೆಟ್ಟಿಗೆಯೊಳಗೆ ಕೈ ಆಡಿಸಲು ಜಾಗವಿಲ್ಲದ್ದರಿಂದ ಪ್ರೊಸೆಸರು, ಸ್ಮರಣೆಯ ಪಟ್ಟಿಗಳು, ಎಂ.2 ಎಸ್‌ಎಸ್‌ಡಿ ಮತ್ತು ಕೂಲರುಗಳನ್ನು ಹೊರಗೇ ಮದರ್‌ಬೋರ್ಡಿಗೆ ಕೂರಿಸಬೇಕಾಗುತ್ತದೆ. ಮಿನಿ ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೆಯ ಎಂ.2 ಕಿಂಡಿ ಹಲವೊಮ್ಮೆ ಹಿಂಬದಿಯಲ್ಲಿರುವುದರಿಂದ ಅದನ್ನು ಮೊದಲೇ ತುಂಬಬೇಕು. ಬೋರ್ಡು ಒಳಗೆ ಕೂತ ಮೇಲೆ ಅದು ಕೈಗೆ ಸಿಗುವುದಿಲ್ಲ. ಪ್ರೊಸೆಸರು ಮತ್ತು ಹೀಟ್‌ಸಿಂಕಿನ ನಡುವಿನ ಸೂಕ್ಷ್ಮ ಸಂದುಗಳನ್ನು ತುಂಬುವ ಥರ್ಮಲ್ ಪೇಸ್ಟು ಒಂದು ಬಟಾಣಿಯಷ್ಟಿದ್ದರೆ ಸಾಕು. ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಸೇರಿಕೊಳ್ಳುವುದರಿಂದ ಭಾಗಗಳನ್ನು ಹಿಡಿಯುವ ಮುನ್ನ ಅರ್ತಿಂಗ್ ಇರುವ ಲೋಹವನ್ನು ಮುಟ್ಟುವುದು ಅವಶ್ಯ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟೇ ಒಮ್ಮೆ ಚಾಲೂ ಮಾಡಿ ನೋಡಿ, ಪರದೆಯಲ್ಲಿ ಚಿತ್ರ ಬಂದ ಮೇಲೆ ಪೆಟ್ಟಿಗೆಗೆ ಸೇರಿಸಿದರೆ ಮತ್ತೆ ಬಿಚ್ಚುವ ಶ್ರಮ ತಪ್ಪುತ್ತದೆ. ಕೊನೆಯದಾಗಿ, ಉಷ್ಣತೆಗೆ ತಕ್ಕಂತೆ ಫ್ಯಾನಿನ ವೇಗ ಎಷ್ಟಿರಬೇಕೆಂಬುದನ್ನು ಬಯೋಸ್‌ನಲ್ಲಿ ನಿಗದಿಪಡಿಸಬೇಕು. ಉಷ್ಣತೆಯ ಪ್ರತಿಯೊಂದು ಏರಿಳಿತಕ್ಕೂ ವೇಗ ಬದಲಾದರೆ ಆ ಬದಲಾವಣೆಯೇ ಕಿವಿಗೆ ಕಿರಿಕಿರಿಯಾಗುವುದರಿಂದ, ಸುಮಾರು 60 ಡಿಗ್ರಿಯವರೆಗೆ ಒಂದೇ ನಿಧಾನದ ವೇಗವನ್ನಿಟ್ಟು ಆಮೇಲೆ ಮೆಲ್ಲನೆ ಏರಿಸುವುದು ಒಳ್ಳೆಯ ಪದ್ಧತಿ.

ಸಿದ್ಧ ಯಂತ್ರಗಳು ಮತ್ತು ಬಳಕೆ

ಲೆನೊವೊ ಕಂಪನಿಯ ಥಿಂಕ್‌ಸೆಂಟರ್ ಟೈನಿ, ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಕಂಪನಿಯ ಮಿನಿ ಮಾದರಿಗಳು ಒಂದು ಲೀಟರಿನ ಸುತ್ತಮುತ್ತಲ ಗಾತ್ರದವು. ಕಚೇರಿಗಳಲ್ಲಿ ಬಳಸಿ ಬಿಟ್ಟ ಇಂಥ ಯಂತ್ರಗಳನ್ನು ಶುಚಿಗೊಳಿಸಿ ಮರುಮಾರಾಟ ಮಾಡುವ ಅಂಗಡಿಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಹೊಸ ಭಾಗಗಳಿಂದ ಕಟ್ಟುವುದಕ್ಕಿಂತ ಇವು ಅಗ್ಗ, ಅಡಾಪ್ಟರಿನಿಂದಲೇ ನಡೆಯುತ್ತವೆ, 35 ವ್ಯಾಟಿನ ಪ್ರೊಸೆಸರು ಹೊಂದಿರುವುದೇ ಹೆಚ್ಚು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ಲಿನ ಎಂಟನೆಯ ಅಥವಾ ನಂತರದ ತಲೆಮಾರಿನ ಪ್ರೊಸೆಸರು ಬೇಕು. ಅದಕ್ಕಿಂತ ಹಳೆಯ ಯಂತ್ರವನ್ನು ಲಿನಕ್ಸ್ ಬಳಸುವ ಉದ್ದೇಶಕ್ಕಷ್ಟೇ ಕೊಳ್ಳಬಹುದು.

ಪಹಣಿ ಮುದ್ರಣ, ಅರ್ಜಿ ದಾಖಲೆ, ಲೆಕ್ಕಪತ್ರ, ಕನ್ನಡ ಬೆರಳಚ್ಚು, ಆನ್‌ಲೈನ್ ಪಾಠ ಇಂಥ ಕೆಲಸಗಳಿಗೆ ಹೆಚ್ಚಿನ ಪ್ರೊಸೆಸರ್ ಬಲ ಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿನಲ್ಲಿ ಸಲೀಸಾಗಿ ನಡೆಯುತ್ತದೆ, ಲಿನಕ್ಸಿನಲ್ಲಿ ಅದರದೇ ಕೀಲಿಮಣೆ ವಿನ್ಯಾಸ ಲಭ್ಯವಿದೆ. ಗ್ರಾಮ ಒನ್‌ನಂಥ ಸೇವಾಕೇಂದ್ರಗಳಲ್ಲಿ ಪ್ರೊಸೆಸರಿಗಿಂತ ಹೆಚ್ಚಾಗಿ ಅಡಚಣೆಯಾಗುವುದು ಯುಎಸ್‌ಬಿ ಕಿಂಡಿಗಳ ಕೊರತೆ: ಕೀಲಿಮಣೆ, ಮೌಸ್, ಪ್ರಿಂಟರು, ಸ್ಕ್ಯಾನರು, ಬೆರಳಚ್ಚು ಓದುವ ಸಾಧನ, ವೆಬ್‌ಕ್ಯಾಮ್ ಎಂದು ಆರು ಕಿಂಡಿಗಳು ಕೂಡಲೇ ತುಂಬಿಹೋಗುತ್ತವೆ, ನಾಲ್ಕೇ ಕಿಂಡಿಗಳಿರುವ ಅಗ್ಗದ ಮಿನಿ ಯಂತ್ರ ಅಲ್ಲಿ ಸಾಲದು. ಫೋಟೊ ಸ್ಟುಡಿಯೊ ಮತ್ತು ಮದುವೆ ವಿಡಿಯೊ ಸಂಕಲನದವರಿಗೆ ಬೇಕಾದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಒಂದೇ ನೂರು ವ್ಯಾಟಿಗೂ ಮೀರಿ ಶಾಖ ಹೊರಹಾಕುವುದರಿಂದ ಅಂಥವರಿಗೆ ಕಿರುಪೆಟ್ಟಿಗೆ ದುಬಾರಿಯೂ ಗದ್ದಲದ್ದೂ ಆಗುತ್ತದೆ.

ಒಟ್ಟಾರೆಯಾಗಿ, ಮೊದಲು ಕೆಲಸವನ್ನೂ ಅದಕ್ಕೆ ಸಾಕಾಗುವ ವ್ಯಾಟನ್ನೂ ನಿರ್ಧರಿಸಿ, ಅನಂತರ ವಿದ್ಯುತ್ ಪೂರೈಕೆಯನ್ನು ಗೊತ್ತುಮಾಡಿಕೊಂಡು, ಪೆಟ್ಟಿಗೆಯನ್ನು ಕೊನೆಯಲ್ಲಿ ಆರಿಸುವುದು ಸರಿಯಾದ ಕ್ರಮ. ಬಯಲುಸೀಮೆಯ ಮನೆ, ಶಾಲೆ ಮತ್ತು ಸೇವಾಕೇಂದ್ರಗಳಿಗೆ 35 ವ್ಯಾಟಿನೊಳಗಿನ ಪ್ರೊಸೆಸರು, ಎಸ್‌ಎಸ್‌ಡಿ ಮತ್ತು ಹೊರ ಅಡಾಪ್ಟರು ಇರುವ ಕಿರುಯಂತ್ರ ಸಾಕು. ಅದಕ್ಕಿಂತ ಹೆಚ್ಚು ಬಲ ಬೇಕಾದಲ್ಲಿ ಮೈಕ್ರೊ ಎಟಿಎಕ್ಸ್ ಬೋರ್ಡಿನ ಸಾಧಾರಣ ಟವರೇ ಕಡಿಮೆ ಬೆಲೆಗೆ ಹೆಚ್ಚು ನಿಶ್ಶಬ್ದವಾಗಿರುತ್ತದೆ.